ಐರಿಶ್ ಹಳ್ಳಿ ಕತೆಗಳು ಕನ್ನಡಕ್ಕೆ, 3ನೇ ತಿಂಗಳು: ವೀಸಲ್ ಕಾಟ

ಈ ತಿಂಗಳು 20 ಕತೆ ಮುಗಿಸಬೇಕು ಅಂದುಕೊಂಡಿದ್ದೆ, ಆಗಿದ್ದು 9.

ಗೊತ್ತಿಲ್ಲದವರಿಗೆ: 1937ರಿಂದ 1939ರವರೆಗೆ ಐರ್ಲೆಂಡಿನ ಸುಮಾರು 5,000 ಶಾಲೆಗಳ ಮಕ್ಕಳು ಅಜ್ಜ ಅಜ್ಜಿಯರನ್ನು, ಅಕ್ಕಪಕ್ಕದವರನ್ನು ಕೇಳಿ ಊರಿನ ಕತೆ ಬರೆದಿಟ್ಟರು. ನಾನು ಅದರಲ್ಲಿ ಪ್ರಾಣಿ, ಜೇನಿನ ಕತೆ ಮಾತ್ರ ಆರಿಸಿಕೊಳ್ಳುತ್ತಿದ್ದೇನೆ.

ನನ್ನನ್ನು ಸಿಕ್ಕಿಸಿದ್ದು ಹುಲ್ಲು ಕೊಯ್ಯುವವರ ಕತೆ. ಗದ್ದೆಯಲ್ಲಿ ಸಿಕ್ಕ ವೀಸಲ್ (ನೋಡಲು ಮುಂಗುಸಿಯಂಥ, ಉದ್ದ ಮೈಯ ಪುಟ್ಟ ಬೇಟೆ ಪ್ರಾಣಿ) ಮರಿಗಳನ್ನು ಅವರು ಎತ್ತಿ ಬೇರೆ ಕಡೆ ಇಡುತ್ತಾರೆ. ತಾಯಿ ಬಂದು ನೋಡಿ, ಮರಿ ಕಾಣದೆ, ಅವರ ಹಾಲಿನ ಕ್ಯಾನಿಗೆ ಉಗುಳುತ್ತದೆ. ಅದರ ಉಗುಳು ವಿಷ ಅಂತ ನಂಬಿಕೆ. ಇವರು ಗಾಬರಿಯಾಗಿ ಮರಿಗಳನ್ನು ಗೂಡಿಗೇ ವಾಪಸ್ ಇಟ್ಟರೆ, ತಾಯಿ ಓಡಿ ಬಂದು ಯಾರೂ ಕುಡಿಯದ ಹಾಗೆ ಕ್ಯಾನನ್ನೇ ಉರುಳಿಸಿಬಿಡುತ್ತದೆ. ಎಷ್ಟು ಚೆಂದ ಅಲ್ವಾ!

ಆದರೆ ಐರ್ಲೆಂಡಿನಲ್ಲಿ ವೀಸಲ್ ಇಲ್ಲವೇ ಇಲ್ಲ. ಅದೇ ಕುಲದ, ಸ್ವಲ್ಪ ದೊಡ್ಡದಾದ ಸ್ಟೋಟ್ ಅನ್ನೋ ಪ್ರಾಣಿಯನ್ನೇ ಹಳ್ಳಿಯವರು ಹಾಗೆ ಕರೆಯುತ್ತಾರೆ. ಮೊದಲು ಸುಮ್ನೆ ಮುಂಗುಸಿ ಅಂತ ಹಾಕಿದೆ. ಓದಿದರೆ ಹಿಂದೆಯೇ ಹಾವೂ ಬರುತ್ತೆ ಅನ್ನಿಸುತ್ತೆ, ಅಲ್ಲಿ ಹಾವೂ ಇಲ್ಲ! ಅಳಿಸಿ, ಐರಿಶ್ ಹೆಸರು ಅಸೋಗ್ ಅಂತಲೇ ಉಳಿಸಿಕೊಂಡೆ.

ನೀರುನಾಯಿ ಮಾತ್ರ ಒಂದೇ ನಿಮಿಷದ ಕೆಲಸ. ಐರಿಶ್‌ನಲ್ಲಿ ಅದು ಮದ್ರ ಇಷ್ಕೆ. ಮದ್ರ ಅಂದರೆ ನಾಯಿ, ಇಷ್ಕೆ ಅಂದರೆ ನೀರು. ಖುಷಿಯಾಗಿ ಇನ್ನೊಂದು ಕಾಫಿ ಕುಡಿದೆ.

ಜೇನಿನ ಕತೆಗಳಲ್ಲಿ ಸಂತ ಗೊಬ್ನಿಟ್ ಬಂದಳು. ಕಾರ್ಕ್ ಕೌಂಟಿಯ ಬ್ಯಾಲಿವೋರ್ನಿಯವಳು, ಹಬ್ಬ ಫೆಬ್ರವರಿ 11ಕ್ಕೆ. ದನ ಕದ್ದು ಹೊರಟವರ ಮೇಲೆ ಜೇನುಹುಳ ಬಿಟ್ಟು ಓಡಿಸಿದಳಂತೆ. ನಾನು ಮೊದಲು ಬರೆದಿದ್ದು 'ಗೊಬ್ನಿಟ್ ಜೇನು ಬಿಟ್ಟಳು'. ತಂಗಿ ಓದಿ, 'ಯಾಕೆ, ಶುಗರ್ ಬಂತಾ?' ಅಂದಳು. ಈಗ 'ಜೇನು ಎಬ್ಬಿಸಿದಳು' ಅಂತಿದೆ, ಅದೇ ಸರಿ. ಕಾರ್ಕ್‌ನ ಹೋನನ್ ಚಾಪೆಲ್‌ನಲ್ಲಿ ಹ್ಯಾರಿ ಕ್ಲಾರ್ಕ್ ಮಾಡಿದ ಬಣ್ಣದ ಗಾಜಿನ ಕಿಟಕಿಯಲ್ಲಿ ಇದೇ ಪ್ರಸಂಗವಿದೆ. ಅದರ ಫೋಟೋ ಪಕ್ಕದಲ್ಲಿಟ್ಟುಕೊಂಡೇ ಆ ಪುಟ ತಿದ್ದಿದ್ದು. ಕಣ್ಣು ಕುಕ್ಕುವ ನೀಲಿ ಅದು.

ಹಸುವಿನ ಹಾಲು ಕದಿಯೋಕೆ ಮೊಲವಾಗುವ ಮುದುಕಿಯರ ಕತೆ ಜಾಸ್ತಿ ಇವೆ, ಎಲ್ಲ ಒಂದೇ ಥರ. ಎರಡು ಸಾಕು ಅಂತ ನಿಲ್ಲಿಸಿದೆ.

ಮುಂದಿನ ತಿಂಗಳು ನರಿ. ಅದಕ್ಕೆ ಅವರು ಮದ್ರ ರುವ ಅನ್ನುತ್ತಾರೆ, ಕೆಂಪು ನಾಯಿ. ಹಾಗೇ ಕನ್ನಡಕ್ಕೆ ತಂದರೆ ಕೆನ್ನಾಯಿ ಆಗಿ, ಬಂಡೀಪುರದ ಸೀಳುನಾಯಿ ಹಿಂಡು ಐರ್ಲೆಂಡಿಗೆ ಹೋಗಿಬಿಡುತ್ತೆ.