ಗಿರವಿ ಅಂಗಡಿಯಲ್ಲಿ ಹಳೇ ರೈಫಲ್ ಕೊಳ್ಳೋರಿಗೆ, ಕೌಂಟರ್ ಒಳಗಿನಿಂದ

ಟೆಕ್ಸಾಸ್‌ನಲ್ಲಿ ಜಿಂಕೆ ಬೇಟೆಯ ಸೀಸನ್ ನವೆಂಬರ್‌ನ ಮೊದಲ ಶನಿವಾರ ಶುರುವಾಗಿ ಜನವರಿಯಲ್ಲಿ ಮುಗಿಯುತ್ತೆ. ಮುಗಿದದ್ದೇ ತಡ, ನಾನು ಕೆಲಸ ಮಾಡೋ ಗಿರವಿ ಅಂಗಡಿಗೆ ರೈಫಲ್‌ಗಳು ಬರೋಕೆ ಶುರು. ಕ್ರಿಸ್‌ಮಸ್‌ನಲ್ಲಿ ಉಜ್ಜಿದ ಕ್ರೆಡಿಟ್ ಕಾರ್ಡಿನ ಬಿಲ್ಲು ಕೈಗೆ ಬಂದಿರುತ್ತೆ, ಇನ್ನು ನವೆಂಬರ್‌ವರೆಗೆ ಬೇಡದ ವಸ್ತು ಮನೆಯ ಮೂಲೆಯಲ್ಲಿ ನಿಂತಿರುತ್ತೆ. ತಂದು ಇಟ್ಟು ದುಡ್ಡು ತಗೊಂಡು ಹೋಗ್ತಾರೆ. ಕೆಲವರು ತಿಂಗಳು ತಿಂಗಳು ಬಡ್ಡಿ ಕಟ್ಟಿಕೊಂಡು ಅಕ್ಟೋಬರ್‌ವರೆಗೂ ನಮ್ಮಲ್ಲೇ ಬಿಟ್ಟಿರುತ್ತಾರೆ. ಅವರಿಗೆ ನಾವು ಸಾಲ ಕೊಟ್ಟವರೂ ಹೌದು, ಬಾಡಿಗೆ ಗೋದಾಮೂ ಹೌದು.

ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿ ತೊಳೆದು, ನಳಿಗೆಯ ಬಾಯಿಗೆ ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆ ಮಾಡೋ ಮನೆಯಿಂದ ಬಂದವನಿಗೆ, ಅಜ್ಜನ ಕೋವಿ ಅಂತ ಹೇಳಿಕೊಂಡೇ ಅದನ್ನ ಗಿರವಿ ಇಡೋದನ್ನ ನೋಡೋಕೆ ಮೊದಮೊದಲು ಕಸಿವಿಸಿ ಆಗ್ತಿತ್ತು. ಈಗ ಅಭ್ಯಾಸ ಆಗಿದೆ. ಇಲ್ಲಿನ ಕನ್ನಡದ ಹುಡುಗರು ಬೇಟೆ, ಶೂಟಿಂಗ್ ರೇಂಜ್ ಅಂತ ಆಸಕ್ತಿ ಹತ್ತಿಸಿಕೊಂಡು "ಅಣ್ಣಾ, ನಿಮ್ಮಂಗಡೀಲಿ ಸೆಕೆಂಡ್‌ಹ್ಯಾಂಡ್ ಸಿಗುತ್ತಂತಲ್ಲ, ಒಳ್ಳೇದು ಯಾವುದು?" ಅಂತ ಕೇಳ್ತಾ ಇರ್ತಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನ ಒಂದು ಕಡೆ ಬರೆದುಬಿಡೋಣ ಅಂತ.

ಮೊದಲು ಬೆಲೆ ಚೀಟಿಯ ಮರ್ಮ ತಿಳ್ಕೊಳ್ಳಿ. ಆ ಚೀಟಿಯ ಮೇಲಿರೋ ಅಂಕಿ ರೈಫಲ್ ಹೇಗಿದೆ ಅನ್ನೋದರ ಲೆಕ್ಕ ಅಲ್ಲ. ಅದರ ಮೇಲೆ ಎಷ್ಟು ಸಾಲ ಕೊಟ್ಟಿದ್ವಿ, ಎಷ್ಟು ಬಡ್ಡಿ ಮುಳುಗಿತು ಅನ್ನೋದರ ಲೆಕ್ಕ. ಗಿರಾಕಿ ತಂದಾಗ, ಮಾರಿದರೆ ಏನು ಬರುತ್ತೆ ಅಂತ ಅಂದಾಜು ಮಾಡಿ ಅದರ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ, ಸಾಲ ಕೊಡ್ತೀವಿ. ಟೆಕ್ಸಾಸ್ ಕಾನೂನಿನ ಪ್ರಕಾರ ಸಾಲದ ಅವಧಿ ಮುಗಿದ ಮೇಲೂ ಇನ್ನೂ 30 ದಿನ ಕಾಯಬೇಕು. ಆಮೇಲೂ ಬಿಡಿಸಿಕೊಳ್ಳದಿದ್ದರೆ ಮಾಲು ನಮ್ಮದು, ಗೋಡೆಯ ರ್‍ಯಾಕಿಗೆ ಏರುತ್ತೆ. ಇಷ್ಟರಲ್ಲಿ ಆ ರೈಫಲ್ ಬಿಚ್ಚಿ ನೋಡಿದವರು ಯಾರು? ಯಾರೂ ಇಲ್ಲ. ಇದೇ ಕೌಂಟರಲ್ಲಿ ಗಿಟಾರ್ ಬರುತ್ತೆ, ಡ್ರಿಲ್ ಮಷಿನ್ ಬರುತ್ತೆ, ಮದುವೆ ಉಂಗುರ ಬರುತ್ತೆ. ಎಲ್ಲದರಲ್ಲೂ ಪಂಡಿತರಾಗಿರೋಕೆ ಯಾರಿಂದ ಆಗುತ್ತೆ? ಮಾಡೆಲ್ ಹೆಸರು ಹುಡುಕಿ, ಆನ್‌ಲೈನ್ ಹರಾಜಿನ ಸೈಟಲ್ಲಿ ಬೆಲೆ ನೋಡಿ, ಸಾಲದ ಲೆಕ್ಕಕ್ಕೆ ಹೊಂದಿಸಿ ಚೀಟಿ ಅಂಟಿಸ್ತಾರೆ. ಎಷ್ಟೋ ಸಲ ಅವರು ನೋಡೋದು ಮಾರೋನು ಕೇಳ್ತಿರೋ ಬೆಲೆ, ನಿಜವಾಗಿ ಮಾರಾಟ ಆದ ಬೆಲೆ ಅಲ್ಲ. ನೀವು ಮುಗಿದ ಹರಾಜುಗಳ ಬೆಲೆ ನೋಡಿಕೊಂಡು ಬನ್ನಿ.

ಹೀಗಾಗಿ ಬೆಲೆ ಜಾಸ್ತಿ ಹಾಕಿರೋದೂ ಉಂಟು, ಕಡಿಮೆ ಹಾಕಿರೋದೂ ಉಂಟು. ಹೊಸದೇ ಐನೂರು ಡಾಲರ್ ಆಸುಪಾಸಿಗೆ ಸಿಗೋ ರೂಗರ್ ಅಮೆರಿಕನ್ ಅನ್ನೋ ರೈಫಲ್ಲಿನ ಹಳೇದರ ಮೇಲೆ ನಾನೂರೈವತ್ತರ ಚೀಟಿ ಇರುತ್ತೆ. ಅದರ ಪಕ್ಕದಲ್ಲೇ ನಿಂತಿರೋ ಮಾರ್ಲಿನ್ ಕಂಪನಿಯ 336 ರೈಫಲ್ಲಿನ ಬೆಲೆ ಹಾಕಿದವನು, ನಳಿಗೆಯ ಬುಡದ ಹತ್ತಿರ ಜೆಎಂ ಅನ್ನೋ ಸಣ್ಣ ಮುದ್ರೆ ಇದೆಯೋ ಇಲ್ಲವೋ ಅಂತ ನೋಡಿರೋದೇ ಇಲ್ಲ. ಆ ಮುದ್ರೆ ಇದ್ದರೆ ಅದು ಕನೆಕ್ಟಿಕಟ್‌ನ ಹಳೇ ಕಾರ್ಖಾನೆಯ ಕಾಲದ್ದು. ರೆಮಿಂಗ್ಟನ್ ಆ ಕಂಪನಿಯನ್ನ ಕೊಂಡು, ಕಾರ್ಖಾನೆ ಮುಚ್ಚಿ, ತಯಾರಿಕೆಯನ್ನ ಬೇರೆ ಕಡೆ ಸಾಗಿಸಿದ ಮೇಲಿನ ಮೊದಲ ವರ್ಷಗಳ ಮಾಲಿಗೆ ಬೇಟೆಗಾರರಲ್ಲಿ ಒಳ್ಳೇ ಹೆಸರಿಲ್ಲ. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ಮಾರ್ಲಿನ್ ಹೆಸರು ರೂಗರ್ ಪಾಲಾಯ್ತು. ಆಮೇಲೆ ಬಂದದ್ದು ಮತ್ತೆ ಚೆನ್ನಾಗಿದೆ. ಈ ಚರಿತ್ರೆ ಚೀಟಿಯ ಮೇಲೆ ಬರೆದಿರಲ್ಲ.

ಇನ್ನು ಕೈಗೆತ್ತಿಕೊಂಡು ನೋಡೋ ವಿಷಯ. ಕೌಂಟರ್ ಹಿಂದಿರೋರನ್ನ ಕೇಳಿ, ಖಾಲಿ ಇದೆ ಅಂತ ಅವರು ತೋರಿಸಲಿ, ನೀವೂ ಒಮ್ಮೆ ಕಣ್ಣಾರೆ ನೋಡಿ, ನಳಿಗೆಯ ಬಾಯಿ ಯಾವಾಗಲೂ ಜನರಿಲ್ಲದ ಕಡೆಗೇ ಇರಲಿ. ಬೋಲ್ಟ್ (ತೋಟಾ ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚೋ ಭಾಗ) ಇರೋ ರೈಫಲ್ ಆದರೆ ಬೋಲ್ಟ್ ಹೊರಗೆ ತೆಗೆದುಕೊಡಿ ಅಂತ ಕೇಳಿ. ಇಲ್ಲ ಅನ್ನೋ ಅಂಗಡಿಯಲ್ಲಿ ಕೊಳ್ಳಬೇಡಿ. ಬೋಲ್ಟ್ ಜಾಗಕ್ಕೆ ಬಿಳಿ ಕಾಗದದ ಚೂರು ಮಡಚಿ ಇಟ್ಟು ಅದಕ್ಕೆ ಫೋನಿನ ಬೆಳಕು ಹಿಡಿದು, ಬಾಯಿ ಕಡೆಯಿಂದ ಕಣ್ಣಿಟ್ಟರೆ ಒಳಗಿನ ಸುರುಳಿ ಗೆರೆಗಳು ಕಾಣುತ್ತೆ. ಗೆರೆ ಚೂಪಾಗಿ, ಹೊಳಪಾಗಿ ಇದ್ದರೆ ಸರಿ. ಕಪ್ಪು ಚುಕ್ಕೆಗಳು, ಗುಳಿಗಳು ಕಂಡರೆ ತುಕ್ಕು ತಿಂದಿದೆ. ಬರೀ ಮಸಿ ಇದ್ದರೆ ಅಂಗಡಿಯವರ ಹತ್ತಿರ ಬಟ್ಟೆ ಚೂರು ಕೇಳಿ ಒಂದು ಸಲ ಎಳೆದು ನೋಡಿ. ನಮ್ಮಲ್ಲಂತೂ ಡ್ರಾಯರಲ್ಲೇ ಇರುತ್ತೆ. ಎಷ್ಟೋ ಸಲ ಕೊಳಕಷ್ಟೇ ಇರುತ್ತೆ, ಕೊಳಕು ಚೌಕಾಸಿಗೆ ಒಳ್ಳೇದು.

ಆಮೇಲೆ ನಳಿಗೆಯ ಬಾಯಿಯ ಅಂಚು. ಗುಂಡು ಕೊನೆಯದಾಗಿ ಮುಟ್ಟಿ ಹೋಗೋದು ಅದನ್ನ, ಅಲ್ಲಿ ಏಟು ಬಿದ್ದಿದ್ದರೆ ಗುರಿ ಕೆಡುತ್ತೆ. ಕಿವಿಗೆ ಹಾಕೋ ಹತ್ತಿಕಡ್ಡಿಯನ್ನ ಆ ಅಂಚಿನ ಸುತ್ತ ಮೆಲ್ಲಗೆ ಸವರಿ. ಎಳೆ ಸಿಕ್ಕಿಹಾಕಿಕೊಂಡ ಕಡೆ ಮುಳ್ಳು ಎದ್ದಿದೆ ಅಂತ ಅರ್ಥ. ಮರದ ಹಿಡಿಯ ಅಂಚಿನಲ್ಲಿ, ಲೋಹ ಮರದೊಳಗೆ ಇಳಿಯೋ ಗೆರೆಯಲ್ಲಿ ಕಂದು ಬಣ್ಣ ಇಣುಕ್ತಿದ್ದರೆ ಒಳಗೆ ಇನ್ನೂ ಜಾಸ್ತಿ ಇದೆ. ಸ್ಕ್ರೂಗಳ ತಲೆ ನೋಡಿ. ಸೀಳು ಅಗಲವಾಗಿ ಕಿತ್ತುಹೋಗಿದ್ದರೆ ಯಾರೋ ಅಡುಗೆಮನೆ ಟೇಬಲ್ ಮೇಲೆ ಬಿಚ್ಚಿ ಜೋಡಿಸಿದ್ದಾರೆ, ಒಳಗೆ ಇನ್ನೇನು ಮಾಡಿದ್ದಾರೋ ದೇವರೇ ಬಲ್ಲ. ನಳಿಗೆ ಗಿಡ್ಡ ಅನ್ನಿಸಿದರೆ ಅಳತೆ ತೆಗೆಸಿ: ಬೋಲ್ಟ್ ಮುಚ್ಚಿ, ಬಾಯಿಯಿಂದ ಕಡ್ಡಿ ಇಳಿಸಿ ಗುರುತು ಹಾಕಿ ಅಳೆಯೋದು. 16 ಇಂಚಿಗಿಂತ ಕಡಿಮೆ ಇದ್ದರೆ ಅದು ಬೇರೆಯೇ ಕಾನೂನಿನ ಅಡಿ ಬರುತ್ತೆ. ಹಾಗೆ ಕೊಯ್ದು ತಂದಿದ್ದನ್ನ ನಾವು ಕೈಯಲ್ಲೂ ಮುಟ್ಟಲ್ಲ.

ಸೇಫ್ಟಿಯನ್ನ, ಅಂದರೆ ಟ್ರಿಗರ್ ಒತ್ತಿದರೂ ಸಿಡಿಯದ ಹಾಗೆ ತಡೆಯೋ ಬೀಗವನ್ನ, ಹೀಗೆ ನೋಡಬೇಕು: ಖಾಲಿ ರೈಫಲ್‌ನ ಬೋಲ್ಟ್ ಎಳೆದು ಮುಚ್ಚಿ ಬಿಗಿ ಮಾಡಿ, ಸೇಫ್ಟಿ ಹಾಕಿ, ಟ್ರಿಗರ್ ಒತ್ತಿ ಬಿಡಿ. ಈಗ ಬೆರಳು ದೂರ ಇಟ್ಟು ಸೇಫ್ಟಿ ತೆಗೆಯಿರಿ. ಆ ಕ್ಷಣದಲ್ಲಿ 'ಟಕ್' ಅಂದರೆ ಅದನ್ನ ಅಲ್ಲೇ ಇಟ್ಟು ಬನ್ನಿ. ಸೇಫ್ಟಿ ತೆಗೆದ ಮೇಲೆ ಟ್ರಿಗರ್ ಒತ್ತಿದಾಗ ಮಾತ್ರ ಬಡಿಯಬೇಕು. ಇದಕ್ಕೂ ಮುಂಚೆ ಕೇಳಿಕೊಳ್ಳಿ; .22 ಅನ್ನೋ ಸಣ್ಣ ತೋಟಾದ ರೈಫಲ್‌ಗಳಲ್ಲಿ ಖಾಲಿ ಇದ್ದಾಗ ಒತ್ತಿದರೆ ಪಿನ್ನು ಹೋಗಿ ನಳಿಗೆಯ ಅಂಚಿಗೆ ಬಡಿಯೋದುಂಟು, ನಮ್ಮ ಮಾಲೀಕರು ಅದಕ್ಕೆ ಸಿಡಿಮಿಡಿ ಅಂತಾರೆ.

ರೆಮಿಂಗ್ಟನ್ 700 ನಮ್ಮ ರ್‍ಯಾಕಲ್ಲಿ ಯಾವಾಗಲೂ ಇರುತ್ತೆ, 1962ರಿಂದ ಬರ್ತಿರೋ ಮಾಡೆಲ್. ಒಳ್ಳೇ ರೈಫಲ್. ಆದರೆ 2006ರ ಮೇ ತಿಂಗಳಿಂದ 2014ರ ಏಪ್ರಿಲ್ ಮಧ್ಯೆ ತಯಾರಾದ, ಎಕ್ಸ್‌ಮಾರ್ಕ್ ಪ್ರೋ ಟ್ರಿಗರ್ ಇರೋವನ್ನ ಕಂಪನಿಯೇ 2014ರಲ್ಲಿ ವಾಪಸ್ ಕರೆದಿತ್ತು, ತಾನೇ ತಾನಾಗಿ ಸಿಡಿಯಬಹುದು ಅಂತ. ಕರೆದಾಗ ಎಲ್ಲರೂ ಕಳಿಸಿಲ್ಲ. ಸರಿಪಡಿಸಿದೆಯಾ ಇಲ್ಲವಾ ಅಂತ ಗಿರವಿ ಇಟ್ಟವನಿಗೂ ಗೊತ್ತಿರಲ್ಲ. ಅಂಥದನ್ನ ಕೊಂಡರೆ ಟ್ರಿಗರ್ ಬದಲಿಸೋ ಖರ್ಚನ್ನ ಬೆಲೆಯಲ್ಲೇ ಮುರಿದು ಮಾತಾಡಿ. ಇನ್ನೊಂದು, ಅದೇ ಕಂಪನಿಯ 742, 1960ರಿಂದ 1980ರವರೆಗೆ ಬಂದ ಸೆಮಿ-ಆಟೋ, ಅಂದರೆ ಒಂದು ಗುಂಡು ಹಾರಿದ ಮೇಲೆ ಮುಂದಿನ ತೋಟಾ ತಾನೇ ತುಂಬಿಕೊಳ್ಳೋದು. ನೋಡೋಕೆ ಚೆಂದ, ಬೆಲೆಯೂ ಕಡಿಮೆ. ಒಳಗೆ ಬೋಲ್ಟ್ ಓಡೋ ಹಳಿಗೆ ಬೆಳಕು ಬಿಟ್ಟು ನೋಡಿ. ಇಲಿ ಕಚ್ಚಿದ ಹಾಗೆ ಕಚ್ಚುಗಳು ಬಿದ್ದಿದ್ದರೆ ಅದಕ್ಕೆ ಔಷಧಿ ಇಲ್ಲ. ನನ್ನ ಕೇಳಿದರೆ ಬೋಲ್ಟ್ ರೈಫಲ್ಲೇ ಕೊಳ್ಳಿ, ಸ್ಯಾವೇಜ್ 110 ಥರದ್ದು. ನೋಡೋಕೆ ಲಕ್ಷಣ ಇಲ್ಲ, ಗುರಿ ತಪ್ಪಲ್ಲ.

ಒಂದು ದಿನ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಮುಳುಗಿದ ಮಾಲು ಎಣಿಸ್ತಾ ಇದ್ದಾಗ ಒಂದರ ಚೀಟಿಯಲ್ಲಿ 'ಬ್ರಿಟಿಷ್ .303' ಅಂತಿತ್ತು. ದೂರದಿಂದ ನೋಡಿದರೆ ಹೌದು, ನಮ್ಮೂರ ಪೊಲೀಸರ ಹೆಗಲ ಮೇಲೆ ನೋಡಿ ಬೆಳೆದ ಅದೇ ಆಕಾರ. ಕೈಗೆತ್ತಿಕೊಂಡಾಗ ಮ್ಯಾಗಜಿನ್, ಅಂದರೆ ತೋಟಾ ತುಂಬೋ ಡಬ್ಬಿ, ಚೌಕಾಕಾರ ಅನ್ನಿಸ್ತು; .303ರದ್ದು ಓರೆಯಾಗಿರುತ್ತೆ. ಹಿಡಿಯ ಕುತ್ತಿಗೆಯ ಲೋಹದ ಮೇಲಿನ ಎಣ್ಣೆ ಜಿಡ್ಡು ಒರೆಸಿದೆ. ಆರ್‌ಎಫ್‌ಐ ಅಂತ ಅಕ್ಷರ, ಕೆಳಗೆ 7.62. ರೈಫಲ್ ಫ್ಯಾಕ್ಟರಿ ಇಶಾಪುರ, ಕಲ್ಕತ್ತದ ಪಕ್ಕ! 1962ರ ಚೀನಾ ಯುದ್ಧದ ನಂತರ ಸೈನ್ಯಕ್ಕೆ ಹೊಸ ಗಾತ್ರದ ತೋಟಾ ಬಂದಾಗ, ಹಳೇ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ ಗಟ್ಟಿ ಉಕ್ಕಲ್ಲಿ, ಹನ್ನೆರಡು ತೋಟಾ ಹಿಡಿಯೋ ಹಾಗೆ ಮಾಡಿದ 2ಎ ಮಾದರಿ ಅದು. ಸೈನ್ಯ ಬಿಟ್ಟ ಮೇಲೆ ಸರ್‌ಪ್ಲಸ್ ಮಾಲಾಗಿ ಅಮೆರಿಕಕ್ಕೆ ರಾಶಿ ರಾಶಿ ಬಂದಿವೆ. ನನಗಾದ ಖುಷಿ ಒಂದು ಕಡೆ ಇರಲಿ, ಆ ಚೀಟಿ ನಂಬಿ .303 ತೋಟಾ ಕೊಂಡು ಹೋದವನ ಕಥೆ ಏನು? ಸದ್ಯ, ಆ ತೋಟಾದ ಬುಡಕ್ಕೆ ಅಂಚಿದೆ, ಉದ್ದವೂ ಬೇರೆ, ಸರಿಯಾಗಿ ಕೂರೋದೇ ಇಲ್ಲ. ಎಲ್ಲ ತಪ್ಪು ಜೋಡಿಗಳೂ ಹಾಗೆ ಕೂರದೆ ಉಳಿಯಲ್ಲ, ಕೆಲವು ಕೂತುಬಿಡುತ್ತೆ, ಅಪಾಯ ಇರೋದು ಅಲ್ಲೇ. ಚೀಟಿ ತಿದ್ದಿದ್ದಾಯ್ತು, ಸರ್ಕಾರಿ ಪುಸ್ತಕದಲ್ಲೂ ತಿದ್ದಿದ್ದಾಯ್ತು. ತೋಟಾ ಯಾವುದು ಅಂತ ನಳಿಗೆಯ ಮೇಲೆ ಕೊರೆದದ್ದನ್ನ ಓದಿ. ಹಳೇ ಸೈನ್ಯದ ರೈಫಲ್ ಆದರೆ ಗುಂಡು ಹಾರಿಸೋ ಮುಂಚೆ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡೋನು) ಹತ್ತಿರ ಹೆಡ್‌ಸ್ಪೇಸ್, ಅಂದರೆ ಬೋಲ್ಟಿಗೂ ತೋಟಾ ಕೂರೋ ಜಾಗಕ್ಕೂ ನಡುವಿನ ಅಂತರ, ಅಳತೆ ಮಾಡಿಸಿ. ಬೋಲ್ಟ್ ಮೇಲಿನ ನಂಬರೂ ರೈಫಲ್ ನಂಬರೂ ಬೇರೆ ಇದ್ದರೆ ಇದನ್ನ ತಪ್ಪಿಸಲೇಬೇಡಿ.

ಸೀರಿಯಲ್ ನಂಬರೇ ಇಲ್ಲದ ರೈಫಲ್ ಕಂಡರೆ ಗಾಬರಿ ಬೇಡ. 1968ರ ಗನ್ ಕಂಟ್ರೋಲ್ ಆ್ಯಕ್ಟ್‌ಗಿಂತ ಮುಂಚಿನ ಎಷ್ಟೋ ಅಗ್ಗದ .22ಗಳಿಗೆ ನಂಬರ್ ಹಾಕ್ತಾನೇ ಇರಲಿಲ್ಲ. ಇದ್ದ ನಂಬರನ್ನ ಉಜ್ಜಿ ಅಳಿಸಿದ್ದರೆ ಮಾತ್ರ ಅದು ಅಪರಾಧ. ಕದ್ದ ಮಾಲಿನ ಭಯ ಗಿರವಿ ಅಂಗಡಿಯಲ್ಲಿ ಹೊರಗಿಗಿಂತ ಕಡಿಮೆ ಅಂತಲೇ ನನ್ನ ಅಭಿಪ್ರಾಯ. ಇಟ್ಟವನ ಗುರುತಿನ ಚೀಟಿ, ರೈಫಲ್ ನಂಬರು ಎರಡೂ ಪೊಲೀಸರಿಗೆ ಹೋಗಿರುತ್ತೆ, ಅದಾದ ಮೇಲೆ ಅದು ತಿಂಗಳುಗಟ್ಟಲೆ ನಮ್ಮಲ್ಲಿ ಕೂತಿರುತ್ತೆ. ಟೆಕ್ಸಾಸ್‌ನಲ್ಲಿ ಇಬ್ಬರು ಸ್ಥಳೀಯರು ಪಾರ್ಕಿಂಗ್ ಜಾಗದಲ್ಲಿ ನಿಂತು ಕೊಟ್ಟು ತಗೊಂಡರೆ ಇದ್ಯಾವುದೂ ಇಲ್ಲ.

ಕಾಗದಪತ್ರಕ್ಕೆ ಬರೋಣ. ಬಂದೂಕು ಕೊಳ್ಳೋರ ಫೆಡರಲ್ ಅರ್ಜಿ, ಫಾರ್ಮ್ 4473, ತುಂಬಬೇಕು, ನಾವು ಹಿನ್ನೆಲೆ ತಪಾಸಣೆಯ ಎಫ್‌ಬಿಐ ವ್ಯವಸ್ಥೆಗೆ ವಿವರ ಕೊಡ್ತೀವಿ, ಸಾಮಾನ್ಯವಾಗಿ ಕೆಲವೇ ನಿಮಿಷಕ್ಕೆ ಉತ್ತರ ಬರುತ್ತೆ: ಕೊಡಿ, ಕಾಯಿರಿ, ಕೊಡಬೇಡಿ. ಹೊರಗಿನವರಿಗೆ ಆಶ್ಚರ್ಯ ಆಗೋ ವಿಷಯ, ತನ್ನದೇ ರೈಫಲ್ ಬಿಡಿಸಿಕೊಳ್ಳೋಕೆ ಬಂದವನಿಗೂ ಇದೇ ತಪಾಸಣೆ. ಒಬ್ಬರು ಸಾಲ, ಬಡ್ಡಿ ಎಲ್ಲಾ ಎಣಿಸಿ ಕೌಂಟರ್ ಮೇಲಿಟ್ಟರು, 'ಕೊಡಬೇಡಿ' ಅಂತ ಬಂತು. ನಡುವೆ ಹೆಂಡತಿ ಕೋರ್ಟಿಂದ ರಕ್ಷಣಾ ಆದೇಶ ತಂದಿದ್ದರು. ಆ ಮನುಷ್ಯ ಹಿಂದಿನ ರ್‍ಯಾಕಲ್ಲಿರೋ ತನ್ನ ವಿಂಚೆಸ್ಟರ್ ರೈಫಲ್ ಕಡೆ ಕೈ ತೋರಿಸಿ "ಅದು ನಂದು" ಅಂದ್ರು. ನನಗೂ ಗೊತ್ತು ಅವರದೇ ಅಂತ. ದುಡ್ಡು ವಾಪಸ್ ಅವರ ಕಡೆ ತಳ್ಳಿದೆ. ಬೇರೇನು ಮಾಡೋ ಹಾಗಿರಲಿಲ್ಲ, ಮಾಡಬಾರದೂ ಕೂಡ.

ಚೌಕಾಸಿ ಮಾಡಿ, ಸಂಕೋಚ ಬೇಡ. ಎಷ್ಟು ದಿನದಿಂದ ರ್‍ಯಾಕಲ್ಲಿದೆ ಅಂತ ಕೇಳಿ. ಹಳೇದಾದಷ್ಟೂ ನಾವು ಬಗ್ಗುತ್ತೀವಿ. ಮೇಲೆ ಕೂರಿಸಿರೋ ಸ್ಕೋಪಿಗೆ (ಗುರಿ ನೋಡೋ ದುರ್ಬೀನಿಗೆ) ಬೆಲೆ ಕೊಡಬೇಡಿ, ಮುಕ್ಕಾಲುಪಾಲು ಅಗ್ಗದ ಮಾಲು. "ತೆರಿಗೆ ಸೇರಿಸಿ ಇಷ್ಟು" ಅಂತ ಒಂದೇ ಅಂಕಿ ಹೇಳಿ, ಇಲ್ಲಿ ಮಾರಾಟ ತೆರಿಗೆ ಶೇ. 8.25ರವರೆಗೂ ಹೋಗುತ್ತೆ.

ಕೊನೆಯದು, ನಮ್ಮವರಿಗೇ ಹೇಳೋದು. ಗ್ರೀನ್ ಕಾರ್ಡ್ ಇದ್ದರೆ ಮಿಕ್ಕವರ ಹಾಗೇ ಕೊಳ್ಳಬಹುದು. ಎಚ್-1ಬಿ ಥರದ ವೀಸಾದಲ್ಲಿ ಇರೋರಿಗೆ ಬಂದೂಕು ಕೊಳ್ಳೋದಷ್ಟೇ ಅಲ್ಲ, ಹತ್ತಿರ ಇಟ್ಟುಕೊಳ್ಳೋದೂ ಫೆಡರಲ್ ಕಾನೂನಲ್ಲಿ ನಿಷೇಧ. ಅದಕ್ಕಿರೋ ಕೆಲವೇ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್. "ನನಗೆ ಆಗಲ್ಲ ಅಂದ್ರೆ ಭಾವನ ಹೆಸರಲ್ಲಿ ತಗೊಳ್ತೀನಿ, ಅವರದು ಗ್ರೀನ್ ಕಾರ್ಡ್" ಅಂತ ಕನ್ನಡದಲ್ಲೇ ನನ್ನ ಮುಂದೆ ಮಾತಾಡಿಕೊಂಡವರಿದ್ದಾರೆ. ಆ ಮಾತು ಕಿವಿಗೆ ಬಿದ್ದ ಮೇಲೆ ನಾನು ಭಾವನಿಗೂ ಮಾರೋ ಹಾಗಿಲ್ಲ. ಹೀಗೆ ನಿಷೇಧ ಇರೋರಿಗಾಗಿ ತನ್ನ ಹೆಸರಲ್ಲಿ ಕೊಳ್ಳೋದಕ್ಕೆ 2022ರ ಕಾನೂನು 15 ವರ್ಷದವರೆಗೆ ಜೈಲು ಇಟ್ಟಿದೆ, ವೀಸಾ ಕಥೆ ಅದರ ಮೇಲೆ ಬೇರೆ. ಸರಿಯಾದ ದಾರಿ ಅಷ್ಟೇನೂ ಕಷ್ಟ ಇಲ್ಲ: 1971ರ ಸೆಪ್ಟೆಂಬರ್ 2ರಂದು ಅಥವಾ ಅದಾದ ಮೇಲೆ ಹುಟ್ಟಿದವರಾದರೆ ಟೆಕ್ಸಾಸ್‌ನಲ್ಲಿ ಬೇಟೆಗೆ ಬೇಕಾದ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ, ಲೈಸೆನ್ಸ್ ತಗೊಳ್ಳಿ, ಅದನ್ನ ವೀಸಾ ಕಾಗದದ ಜೊತೆ ತನ್ನಿ. ಅಲ್ಲಿರೋ ತಾರೀಕು ಮಾತ್ರ ನೋಡಿಕೊಳ್ಳಿ. ಟೆಕ್ಸಾಸ್‌ನ ವಾರ್ಷಿಕ ಬೇಟೆ ಲೈಸೆನ್ಸ್ ಯಾವಾಗ ಕೊಂಡಿದ್ದರೂ ಆಗಸ್ಟ್ 31ಕ್ಕೆ ಮುಗಿಯುತ್ತೆ, ಹೊಸದು ಆಗಸ್ಟ್ 15ರಿಂದಲೇ ಸಿಗುತ್ತೆ. ಆ ಎರಡು ವಾರದೊಳಗೆ ಹೊಸದು ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಸೆಪ್ಟೆಂಬರ್ ಒಂದರ ಬೆಳಗ್ಗೆ, ಮನೆಯ ಕಪಾಟಲ್ಲಿ ಬೀಗ ಹಾಕಿಟ್ಟ ರೈಫಲ್ಲೂ ಕಾನೂನಿನ ಕಣ್ಣಲ್ಲಿ ಅಕ್ರಮವೇ.