ಮೀಟರ್ ಪೆಟ್ಟಿಗೆಯ ಹಿಂದಿನ ಗುಬ್ಬಿ

‘ಬಿಡಪ್ಪಾ, ನಮಗೆ ನೋಟಿಸನ್ನಾದರೂ ಕೊಟ್ಟಿದ್ದರು.’

ಪಕ್ಕದ ಮನೆಯ ಆಯಿ ಕಾಂಪೌಂಡಿನ ಆಚೆ ನಿಂತು ಹೇಳಿದ ಈ ಮಾತು ಮಂಗಳವಾರದಿಂದ ನನ್ನ ತಲೆಯಲ್ಲೇ ಕುಳಿತಿದೆ. ದಸರೆಯ ಬಣ್ಣ ನಡೆದಿತ್ತು. ಬಣ್ಣದವನು ಏಣಿ ಹತ್ತಿ, ಮೀಟರ್ ಪೆಟ್ಟಿಗೆಯ ಹಿಂದಿನಿಂದ ಇಣುಕುತ್ತಿದ್ದ ಒಣಹುಲ್ಲಿಗೆ ಕೈ ಹಾಕಿದ್ದ. ಒಳಗೆ ಮರಿಗಳು ಚೀರುತ್ತಿದ್ದವು. ‘ಕಸ ಅದು, ಎಳೆದುಬಿಡು’ ಎಂದು ನನ್ನ ತಮ್ಮ ಕೆಳಗಿನಿಂದ ಕೂಗಿದ. ಆಗ ಆಯಿ ಬಾಯಿ ತೆರೆದರು. ಬಣ್ಣದವನು ಮರುಮಾತಿಲ್ಲದೆ ಏಣಿ ಇಳಿದು ಹಿತ್ತಲಿನ ಗೋಡೆಗೆ ಹೋದ. ಆ ಮನುಷ್ಯನ ಮೇಲೆ ನನಗೆ ಗೌರವ ಹೆಚ್ಚಿತು. ತಮ್ಮ ಕೆಟ್ಟವನಲ್ಲ, ಆದರೆ ಸಿಮೆಂಟಿನ ಮನೆಯಲ್ಲೇ ಬೆಳೆದವನು. ಗೂಡು ಅವನ ಕಣ್ಣಿಗೆ ಕಸವೇ.

ಆಯಿ ಹಳೆ ಬಾಗಲಕೋಟೆಯವರು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದವರು. ಪರಿಹಾರದ ಹಣದ ಬಗ್ಗೆ ಅವರು ಮಾತನಾಡಿದ್ದನ್ನು ನಾನು ಕೇಳಿಲ್ಲ. ಮಾತು ತೆಗೆದರೆ ಮಣ್ಣಿನ ಮಾಳಿಗೆ, ಜಂತಿಯ ಸಂದಿನಲ್ಲಿ ಗುಬ್ಬಿ, ಗೋಡೆಗೆ ಓರೆಯಾಗಿ ತೂಗುಹಾಕಿದ ದೇವರ ಪಟದ ಹಿಂದೆಯೂ ಗುಬ್ಬಿ.

ನಮ್ಮ ಓಣಿಯ ಮನೆಗಳಲ್ಲಿ ಅಂಥ ಸಂದುಗಳೇ ಇಲ್ಲ. ಈ ಜೋಡಿಗೆ ಸಿಕ್ಕಿದ್ದು ಮೀಟರಿನ ಹಿಂದಿನ ಒಂದಿಷ್ಟು ಜಾಗ. ಕೊರಳಿಗೆ ಕಪ್ಪು ಬಳಿದಂತಿರುವ ಗಂಡು, ತನ್ನ ಮೈಯುದ್ದದ ಕೋಳಿ ಪುಕ್ಕವನ್ನು ಅಡ್ಡಲಾಗಿ ಕಚ್ಚಿ ತಂದಿತ್ತು. ಅದು ಸಂದಿಗೆ ಸಿಕ್ಕಿಕೊಂಡಿತು. ಹಿಂದೆ ಸರಿದು, ಪುಕ್ಕದ ಬುಡವನ್ನು ಕಚ್ಚಿಕೊಂಡು, ನೀಟಾಗಿ ಒಳಗೆ ಎಳೆದುಕೊಂಡಿತು. ಈಗ ಎರಡಕ್ಕೂ ದಿನವಿಡೀ ಹುಳು ತರುವ ಕೆಲಸ. ಆಯಿ ಚೆಲ್ಲುವ ಜೋಳದ ನುಚ್ಚು ದೊಡ್ಡವಕ್ಕೆ ಸಾಕು. ಮರಿಗೆ ಮೆತ್ತನೆಯ ಹುಳುವೇ ಆಗಬೇಕು. ಅದಕ್ಕಾಗಿಯೇ ನುಗ್ಗೆಗೆ ಔಷಧ ಹೊಡೆಯಲು ನಾನು ಬಿಡುವುದಿಲ್ಲ. ಮೊಟ್ಟೆಯೊಡೆದು ಸುಮಾರು ಎರಡು ವಾರಕ್ಕೆ ಮರಿ ಹಾರುತ್ತದೆ. ಬಣ್ಣಕ್ಕೆ ಅಷ್ಟೂ ತಡೆಯಬಾರದೇ?

ಗುಬ್ಬಿಯ ಮೇಲಿನ ಕನಿಕರದಿಂದ ಆಯಿ ಹಾಗೆಂದರು ಎಂದೇ ಮೊದಲು ತಿಳಿದಿದ್ದೆ. ಈಗ ಅದು ಇಷ್ಟು ವರ್ಷ ಯಾರೂ ಕೇಳಿಸಿಕೊಳ್ಳದೆ ಉಳಿದ ಅವರದೇ ಸಂಕಟ ಎನಿಸುತ್ತಿದೆ. ಕಾಗದ ಕೈಗೆ ಬಂದ ಮೇಲೆ ಅವರು ಜಂತಿ, ಬಾಗಿಲು ಬಿಚ್ಚಿಕೊಂಡು ಬಂದರು. ಜಂತಿಯ ಮೇಲಿದ್ದ ಗೂಡುಗಳು? ಈಗ ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಮತ್ತಷ್ಟು ಊರುಗಳ ಮನೆ ಅಳೆಯುತ್ತಾರೆ, ಹೊಲ ಅಳೆಯುತ್ತಾರೆ, ಗಿಡ ಎಣಿಸುತ್ತಾರೆ. ಬೆಳಗಾಗುತ್ತಲೇ ಆ ಮನೆಯಲ್ಲಿ ಏನು ಕೇಳುತ್ತಿತ್ತು ಎಂಬುದಕ್ಕೆ ಯಾವ ಅರ್ಜಿಯಲ್ಲೂ ಜಾಗವಿಲ್ಲ. ಆಯಿ ಕಳೆದುಕೊಂಡದ್ದು ಅದನ್ನು. ಅದಕ್ಕೆ ಬೆಲೆ ಕಟ್ಟಲಾಗದು ಎಂಬ ಮಾತ್ರಕ್ಕೆ ಅದು ಹಾನಿಯೇ ಅಲ್ಲ ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಮೀಟರಿನ ಗೋಡೆಗೆ ದೀಪಾವಳಿಯ ಹೊತ್ತಿಗೆ ಬಣ್ಣ. ಅಂದಿನ ಕೂಲಿ ನನ್ನದು. ಬಡಗಿಗೆ ಎರಡು ಕಟ್ಟಿಗೆಯ ಪೆಟ್ಟಿಗೆ ಹೇಳಿದ್ದೇನೆ: ತೂತು 32 ಮಿಲಿಮೀಟರಿಗಿಂತ ದೊಡ್ಡದಾಗಬಾರದು, ಇಲ್ಲವಾದರೆ ಮೈನಾಗಳು ನುಗ್ಗುತ್ತವೆ. ಒಂದು ನಮಗೆ, ಇನ್ನೊಂದು ಆಯಿಯ ಮನೆಗೆ.