ಅಸೋಸಿಯೇಷನ್ ಮೇಲ್‌ನಲ್ಲಿ ‘ಅನ್‌ಫೇರ್’ ಅಂತ ಬರೆಯೋ ಮುಂಚೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮೇಂಟೆನೆನ್ಸ್ ಜಗಳ ಲಿಫ್ಟ್ ಹತ್ತಿರ ಕನ್ನಡದಲ್ಲಿ ಶುರುವಾದರೂ ಕೊನೆಗೆ ಬಂದು ನಿಲ್ಲೋದು ಇಂಗ್ಲಿಷ್ ಮೇಲ್‌ನಲ್ಲೇ. ಚದರಡಿಗೆ 4 ರೂಪಾಯಿ ಅಂದರೆ 1,200 ಚದರಡಿ ಮನೆಗೆ ತಿಂಗಳಿಗೆ 4,800, 1,800 ಚದರಡಿ ಮನೆಗೆ 7,200. ಲಿಫ್ಟು, ಸೆಕ್ಯುರಿಟಿ ಇಬ್ಬರಿಗೂ ಒಂದೇ. ದೊಡ್ಡ ಮನೆಯವರಿಗೆ ಅನ್ಯಾಯ ಅನ್ನಿಸೋದು ಸಹಜ. ಆದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಸಾಮಾನ್ಯ ಖರ್ಚನ್ನು ಅವರವರ ಅವಿಭಜಿತ ಪಾಲಿನ, ಅಂದರೆ ಎಲ್ಲರಿಗೂ ಸೇರಿದ ಜಾಗದಲ್ಲಿ ಪ್ರತಿ ಮನೆಗಿರೋ ಪಾಲಿನ, ಪ್ರಮಾಣಕ್ಕೆ ತಕ್ಕಂತೆ ಹಂಚಿ ಅನ್ನುತ್ತೆ. ದೊಡ್ಡ ಮನೆಗೆ ಸಾಮಾನ್ಯವಾಗಿ ಆ ಪಾಲೂ ದೊಡ್ಡದು. ಹೀಗೆ ಎರಡೂ ಕಡೆ ವಾದ ಇರೋ ಕಡೆ ‘ದಿಸ್ ಈಸ್ ಅನ್‌ಫೇರ್’ ಅಂದುಬಿಟ್ಟರೆ ಲೆಕ್ಕದ ಮಾತು ಪಕ್ಕಕ್ಕೆ ಹೋಗಿ ಎಲ್ಲರೂ ನಿಮ್ಮ ಧಾಟಿಯನ್ನೇ ಹಿಡಿದುಕೊಳ್ತಾರೆ.

ಇಂಥಲ್ಲಿ ಕೆಲಸಕ್ಕೆ ಬರೋ ಪದ ‘ಆರ್ಗ್ಯುಯೆಬ್ಲಿ’. ಇದನ್ನ ‘ಅನುಮಾನ ಇದೆ’ ಅನ್ನೋ ಅರ್ಥದಲ್ಲಿ ಬಳಸೋರು ಬಹಳ ಜನ. ಹಾಗಲ್ಲ. ‘ಹೀಗನ್ನೋಕೆ ಕಾರಣ ಇದೆ, ನಾನು ಆ ಕಡೆಗೇ ವಾಲಿದ್ದೀನಿ’ ಅಂತ ಅದರ ಅರ್ಥ. ಆದ್ದರಿಂದ ಹಿಂದೆಯೋ ಮುಂದೆಯೋ ಕಾರಣ ಇರಲೇಬೇಕು. ‘ಡಿಬೇಟಬಲ್’ ಅನುಮಾನದ ಕಡೆಗೆ ವಾಲುತ್ತೆ. ‘ಆರ್ಗ್ಯುಯಬಲ್ ದಟ್’ ಅಂದರೆ ಪರ, ‘ಆರ್ಗ್ಯುಯಬಲ್ ವೆದರ್’ ಅಂದರೆ ಸಂಶಯ.

‘ಕ್ವೈಟ್ ಅನ್‌ಫೇರ್’ ಬೇಡವೇ ಬೇಡ. ಬ್ರಿಟಿಷ್ ಬಳಕೆಯಲ್ಲಿ ಅದು ಬಹುಪಾಲು ‘ತಕ್ಕಮಟ್ಟಿಗೆ’, ಅಮೆರಿಕದಲ್ಲಿ ‘ತುಂಬಾ’. ನಮ್ಮೂರಿನ ಒಂದೇ ಮೇಲ್ ಅನ್ನ ಎರಡೂ ಥರದವರು ಓದ್ತಾರೆ. ‘ಸಮ್‌ವಾಟ್’ ಅನ್ನಿ, ಇಲ್ಲವೇ ‘ವೆರಿ’ ಅನ್ನಿ. ‘ನಾಟ್ ಎಂಟೈರ್ಲಿ ಫೇರ್’ ಮೆದುವಾದ ಆಕ್ಷೇಪ. ಅದೇ ‘ನಾಟ್ ಎಂಟೈರ್ಲಿ ಅನ್‌ಫೇರ್’ ಅಂದರೆ ಎದುರಿನವರ ಮಾತಲ್ಲೂ ಹುರುಳಿದೆ ಅಂತ ನೀವೇ ಒಪ್ಪಿಕೊಂಡ ಹಾಗೆ.

ಹೆಚ್ಚು ಜನ ಎಡವೋದು ಇನ್ನೊಂದು ಕಡೆ. ‘ಸ್ವಲ್ಪ ಅನ್ಯಾಯ ಆಗ್ತಿದೆಯೇನೋ ಅನ್ಸುತ್ತೆ’ ಅನ್ನೋದು ಕನ್ನಡದಲ್ಲಿ ಮರ್ಯಾದೆಯ ಮಾತು. ಸ್ವಲ್ಪ, ಏನೋ, ಅನ್ಸುತ್ತೆ, ಮೂರೂ ಸಲೀಸಾಗಿ ಕೂರುತ್ತವೆ. ಅದನ್ನೇ ‘ಐ ಫೀಲ್ ಮೇಬಿ ಇಟ್ ಮೈಟ್ ಬಿ ಎ ಬಿಟ್ ಅನ್‌ಫೇರ್’ ಅಂತ ಇಳಿಸಿದರೆ, ಬರೆದವರಿಗೇ ನಂಬಿಕೆ ಇಲ್ಲ ಅಂತ ಓದುವವರು ತೀರ್ಮಾನಿಸ್ತಾರೆ. ಒಂದು ವಾಕ್ಯಕ್ಕೆ ಒಂದೇ ಮೆದು ಪದ ಸಾಕು. ಅದೂ ನಿಮ್ಮ ಅಭಿಪ್ರಾಯದ ಮೇಲಿರಲಿ, ಅಂಕಿಯ ಮೇಲೆ ಬೇಡ. 2,400 ರೂಪಾಯಿ ವ್ಯತ್ಯಾಸ ಲೆಕ್ಕ ಮಾಡಿದ್ದು, ಅದಕ್ಕೆ ‘ಸೀಮ್ಸ್’ ಯಾಕೆ?

ಮೊದಲು ಅಂಕಿ, ಆಮೇಲೆ ಅಭಿಪ್ರಾಯ, ಕೊನೆಗೆ ಕೇಳಿಕೆ: ‘ಲಾರ್ಜರ್ ಫ್ಲ್ಯಾಟ್ಸ್ ಪೇ 2,400 ರುಪೀಸ್ ಮೋರ್ ಎ ಮಂತ್, ದೋ ಆಲ್ ಆಫ್ ಅಸ್ ಯೂಸ್ ದ ಸೇಮ್ ಲಿಫ್ಟ್ಸ್ ಅಂಡ್ ಸೆಕ್ಯುರಿಟಿ. ದಿಸ್ ಈಸ್ ಆರ್ಗ್ಯುಯೆಬ್ಲಿ ಅನ್‌ಫೇರ್. ಕುಡ್ ವಿ ಡಿಸ್ಕಸ್ ಇಟ್ ಅಟ್ ದ ಎಜಿಎಂ?’ (ಎಜಿಎಂ ಅಂದರೆ ಅಸೋಸಿಯೇಷನ್‌ನ ವಾರ್ಷಿಕ ಸಭೆ.) ‘ಮೇ ಬಿ ಸೀನ್ ಆಸ್ ಅನ್‌ಫೇರ್’ ಅಂತ ಬರೆದರೆ ‘ಯಾರಿಗೆ?’ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಯಾರಿಗೆ ಅನ್ನೋದನ್ನೂ ಅಲ್ಲೇ ಬರೆಯಿರಿ.

ಎಲ್ಲದಕ್ಕೂ ಈ ಮೆದುತನ ಸಲ್ಲದು. ಮನೆಗೆಲಸದವರು ಮೇನ್ ಲಿಫ್ಟ್ ಹತ್ತಬಾರದು ಅನ್ನೋ ನಿಯಮಕ್ಕೆ ‘ಸಮ್‌ವಾಟ್ ಅನ್‌ಫೇರ್’ ಅನ್ನೋದೇ ತಪ್ಪು. ಅದರಲ್ಲಿ ಚರ್ಚೆಗೆ ಇನ್ನೊಂದು ಬದಿಯೇ ಇಲ್ಲ. ‘ದಿಸ್ ರೂಲ್ ಈಸ್ ಡಿಸ್ಕ್ರಿಮಿನೇಟರಿ, ಪ್ಲೀಸ್ ವಿತ್‌ಡ್ರಾ ಇಟ್’ ಅಂತ ನೇರವಾಗಿ ಬರೆಯಬೇಕು.

ಬಾಡಿಗೆ ಮನೆ ಬಿಡುವಾಗಲೂ ಹೀಗೇ. ಮಾಲೀಕರು ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರೆ ಮೊದಲು ಅಗ್ರಿಮೆಂಟ್ ತೆಗೆದು ನೋಡಿ. ಅದರಲ್ಲಿ ಆ ಷರತ್ತು ಇಲ್ಲದಿದ್ದರೆ ಇಷ್ಟೇ ಸಾಕು: ‘ದಿ ಅಗ್ರಿಮೆಂಟ್ ಹ್ಯಾಸ್ ನೋ ಪೇಂಟಿಂಗ್ ಕ್ಲಾಝ್. ಪ್ಲೀಸ್ ರಿಟರ್ನ್ ದಿ ಅಮೌಂಟ್.’ ಷರತ್ತಿದ್ದು, ನೀವಿದ್ದದ್ದು ಹನ್ನೊಂದೇ ತಿಂಗಳು, ಗೋಡೆಯೂ ಚೆನ್ನಾಗಿದೆ ಅಂದರೆ ಆಗ ಮೆದುವಾಗಿ ಕೇಳಬಹುದು: ‘ಎ ಫುಲ್ ಮಂತ್ಸ್ ರೆಂಟ್ ಸೀಮ್ಸ್ ಟೂ ಮಚ್ ಫಾರ್ ಇಲೆವೆನ್ ಮಂತ್ಸ್. ವುಡ್ ಹಾಫ್ ಬಿ ಆಲ್‌ರೈಟ್?’